ಪಟ್ಟದ ದಿನಗಳ ಲೆಕ್ಕ

ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ಮನರಂಜನಾ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ನಿಶ್ಚಯವಾಗಿರುವಾಗ, ಕುಸ್ತಿಪಟು ರೋಮನ್ ರೇನ್ಸ್ 1,316 ದಿನ ಚಾಂಪಿಯನ್ ಆಗಿದ್ದುದರಲ್ಲಿ ಹೆಚ್ಚುಗಾರಿಕೆ ಏನೆಂದು ತಾವು ಕೇಳಿದ್ದೀರಿ. ಅದನ್ನು ಕ್ರೀಡಾ ದಾಖಲೆಯೆಂದು ನೋಡಿದರೆ ತಮ್ಮ ಸಂಶಯ ಸರಿಯೇ. ಆದರೆ ಇಲ್ಲಿ ಪಟ್ಟವೆಂದರೆ, ಈತನನ್ನು ನೋಡಲು ಜನ ಮತ್ತೆ ಮತ್ತೆ ಟಿಕೆಟ್ ಕೊಳ್ಳುತ್ತಾರೆಂದು ಸಂಸ್ಥೆ ಇಟ್ಟ ನಂಬಿಕೆ. 1963ರ ಮೇ 17ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಗಿನ ಚಾಂಪಿಯನ್ ಬಡ್ಡಿ ರೋಜರ್ಸ್ ಅವರನ್ನು 48 ಸೆಕೆಂಡುಗಳಲ್ಲಿ ಸೋಲಿಸಿದ ಬ್ರೂನೋ ಸಮ್ಮಾರ್ಟಿನೋ, ತಾವೂ ಇಟಲಿಯಿಂದ ವಲಸೆ ಬಂದವರಾದ್ದರಿಂದ ಅಲ್ಲಿನ ವಲಸಿಗರಿಗೆ ಮನೆಯ ಮಗನಂತಾಗಿ, 2,803 ದಿನ ಪಟ್ಟದಲ್ಲಿದ್ದರು. 1971ರ ಜನವರಿ 18ರಂದು ಅದೇ ಅಂಗಣದಲ್ಲಿ ಇವಾನ್ ಕೊಲಾಫ್ ಎಂಬ ಕುಸ್ತಿಪಟು ಬ್ರೂನೋ ಅವರನ್ನು ಸೋಲಿಸಿದಾಗ ಎಂಥ ನಿಶ್ಶಬ್ದ ಕವಿಯಿತೆಂದರೆ, ತಮ್ಮ ಕಿವಿಯೇ ಕೆಟ್ಟಿತೇನೋ ಎಂದು ಅನ್ನಿಸಿದ್ದಾಗಿ ಬ್ರೂನೋ ಮುಂದೆ ಹೇಳಿಕೊಂಡಿದ್ದಾರೆ. ಮೂರು ತಿಂಗಳಿಗೊಮ್ಮೆ ಕೈ ಬದಲಿಸುವ ಪಟ್ಟ ಅಂಥ ಮೌನವನ್ನು ಹುಟ್ಟಿಸಲಾರದು. ರೇನ್ಸ್ ವಿಷಯದಲ್ಲಿ ನನ್ನದೂ ಒಂದು ತಕರಾರಿದೆ: ಕಡೆಯ ವರ್ಷ ಅವರು ತೀರ ವಿರಳವಾಗಿ ಕಣಕ್ಕಿಳಿದದ್ದರಿಂದ ದಿನಗಳು ಬೆಳೆದಷ್ಟು ಕಥೆ ಬೆಳೆಯಲಿಲ್ಲ. ಆದರೂ 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ರೇನ್ಸ್ ಅವರನ್ನು ಸೋಲಿಸಿ ಕೋಡಿ ರೋಡ್ಸ್ ಪಟ್ಟ ಗೆದ್ದಾಗ ಎದ್ದ ಹರ್ಷೋದ್ಗಾರಕ್ಕೆ ತೂಕ ಬಂದದ್ದು ಆ ಮೂರೂವರೆ ವರ್ಷಗಳ ಕಾಯುವಿಕೆಯಿಂದಲೇ.