ತಲಪಾಡಿಯಿಂದ ಉತ್ತರ: ಗಡಿಯಲ್ಲಿ ಯಾರ ಮತ ಎಲ್ಲಿ?

ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಬಾಡಿಗೆ ಮನೆ ಹಿಡಿದು ಏಳು ತಿಂಗಳಾಯಿತು, ಮತದಾರರ ಗುರುತಿನ ಚೀಟಿ ಮಾತ್ರ ಇನ್ನೂ ಹುಬ್ಬಳ್ಳಿಯದ್ದೇ ಇದೆ, ಇಲ್ಲಿಯ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಆದರೆ ಹೆಸರನ್ನು ಅಲ್ಲಿಂದ ಇಲ್ಲಿಗೆ ವರ್ಗಾಯಿಸಿಕೊಂಡ ಮೇಲೆ. ತುಳು ಬಾರದವರಿಗೆ, ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ ಮತವಿಲ್ಲ ಎಂದು ಯಾರಾದರೂ ತಮಾಷೆಗೆ ಹೇಳಿದ್ದರೆ ತಲೆಗೆ ಹಚ್ಚಿಕೊಳ್ಳಬೇಡಿ. ಭಾರತದ ಪೌರರಾಗಿರಬೇಕು, 18 ವರ್ಷ ತುಂಬಿರಬೇಕು, ಆ ಜಾಗದಲ್ಲಿ ಸಾಮಾನ್ಯವಾಗಿ ವಾಸಿಸುತ್ತಿರಬೇಕು. ಹುಟ್ಟಿದ ಊರು, ಮನೆಮಾತು, ಜಮೀನಿನ ಪಹಣಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಗಡಿಯಲ್ಲಿ ಈ ವಾಸದ ಪ್ರಶ್ನೆಯೇ ದೊಡ್ಡದು. ನಮ್ಮ ಮನೆಯಿಂದ ತಲಪಾಡಿಯ ಟೋಲ್ ಗೇಟು ಕೂಗಳತೆಯ ದೂರ, ಅದರಾಚೆ ಕೇರಳ. ತೋಟ ಆ ಕಡೆ ಮನೆ ಈ ಕಡೆ ಇರುವವರು, ಗಡಿಯಾಚೆಯ ಮಂಜೇಶ್ವರದಲ್ಲಿ ಮಲಗಿ ಮಂಗಳೂರಿನಲ್ಲಿ ದುಡಿಯುವವರು, ಮುಂಬಯಿಯಲ್ಲಿ ನೆಲೆಸಿ ವರ್ಷಕ್ಕೊಮ್ಮೆ ನೇಮಕ್ಕೆ, ಅಂದರೆ ಮನೆದೈವದ ಸೇವೆಗೆ, ಬಂದು ಕುಟುಂಬದ ಮೂಲಮನೆಯಾದ ತರವಾಡಿನ ಬೀಗ ತೆಗೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನ ಅಥವಾ ಸ್ವಾಧೀನ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ಅಲ್ಲಿಯ ನಿವಾಸಿ ಎಂದು ಪರಿಗಣಿಸುವಂತಿಲ್ಲ ಎಂದು 1950ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ತಾತ್ಕಾಲಿಕವಾಗಿ ಊರು ಬಿಟ್ಟವನು ಅದರಿಂದಲೇ ನಿವಾಸಿಯಲ್ಲದವನಾಗುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಈ ಎರಡು ಮಾತುಗಳ ನಡುವೆ ಎಳೆದಾಡಿದ ಜಗಳಗಳನ್ನು ಪ್ರತಿ ಚುನಾವಣೆಗೂ ಮುನ್ನ ನಮ್ಮ ಜಂಕ್ಷನ್ನಿನ ಚಹಾದಂಗಡಿಯಲ್ಲಿ ಕೇಳಬಹುದು. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ, ಅದರಲ್ಲಿ ಚರ್ಚೆಯೇ ಇಲ್ಲ. ನಿಮ್ಮ ನೆರೆಯ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ತಂದೆತಾಯಿಯ ಊರಿನಲ್ಲಾಗಲಿ ಓದುವ ಊರಿನಲ್ಲಾಗಲಿ ಹೆಸರು ಇಟ್ಟುಕೊಳ್ಳಬಹುದು, ಆದರೆ ಒಂದೇ ಕಡೆ.

ನೀವು ಸಲ್ಲಿಸಬೇಕಾದದ್ದು ನಮೂನೆ 8. ಹೊಸದಾಗಿ ಸೇರುವವರಿಗೆ ನಮೂನೆ 6, ವಿಳಾಸ ಬದಲಾದವರಿಗೆ 8. ಅಂತರ್ಜಾಲದಲ್ಲೂ ಸಲ್ಲಿಸಬಹುದು, ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೂ ಕೊಡಬಹುದು, ಬಿ.ಎಲ್.ಒ. ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೆಚ್ಚಿನ ಕಡೆ ಅವರು ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ನೋಂದಾಯಿಸಿದ ಬಾಡಿಗೆ ಕರಾರುಪತ್ರದಂತಹ ವಿಳಾಸದ ದಾಖಲೆ ಜೊತೆಗಿರಲಿ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ, ಅದು ಬಳಸುವುದು ವಿಧಾನಸಭೆಯ ಮತದಾರರ ಪಟ್ಟಿಯನ್ನೇ. ಆ ಪಟ್ಟಿಯನ್ನು ವಾರ್ಡುವಾರು ಒಡೆದು ಜೋಡಿಸಲಾಗುತ್ತದೆ. ಹಾಗೆ ಒಡೆಯುವಾಗ ಒಮ್ಮೆ ನನ್ನ ಹೆಸರು ರಸ್ತೆಯಾಚೆಯ ವಾರ್ಡಿಗೆ ಹಾರಿತ್ತು. ಕರಡು ಪಟ್ಟಿಯನ್ನು ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಿದ್ದರೂ ನಾನು ನೋಡಿರಲಿಲ್ಲ. ಹೆಂಡತಿಗೆ ಮನೆಯ ಹಿಂದಿನ ಶಾಲೆಯಲ್ಲಿ ಮತ, ನನಗೆ ಒಂದೂವರೆ ಕಿಲೋಮೀಟರ್ ಆಚೆ. ಆದ್ದರಿಂದ ಚೀಟಿ ಕೈಯಲ್ಲಿದೆ ಎಂದು ಸುಮ್ಮನಿರದೆ ವಾರ್ಡಿನ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ.

ಗಡಿಯಾಚೆ ಕ್ರಮ ಬೇರೆ, ಇದನ್ನು ಹೊರಗಿನವರು ಅಷ್ಟಾಗಿ ಅರಿಯರು. ಕೇರಳದ ರಾಜ್ಯ ಚುನಾವಣಾ ಆಯೋಗ ಸ್ಥಳೀಯ ಸಂಸ್ಥೆಗಳಿಗೆ ತನ್ನದೇ ಪಟ್ಟಿ ತಯಾರಿಸುತ್ತದೆ, ವಿಧಾನಸಭೆಯ ಪಟ್ಟಿ ಅಲ್ಲಿ ನಡೆಯುವುದಿಲ್ಲ. ಗಡಿಯಾಚೆಯ ವರ್ಕಾಡಿಗೆ ಮದುವೆಯಾಗಿ ಹೋದ ನನ್ನ ತಂಗಿ ಲೋಕಸಭೆಗೆ ಮತ ಹಾಕಿದ ಅದೇ ಚೀಟಿ ಹಿಡಿದು ಪಂಚಾಯತ್ ಚುನಾವಣೆಗೆ ಹೋಗಿ, ಹೆಸರಿಲ್ಲವೆಂದು ಬರಿಗೈಯಲ್ಲಿ ಮರಳಿದಳು. ಬೇರೆಯಾಗಿ ಅರ್ಜಿ ಹಾಕಬೇಕಿತ್ತು. ಅಲ್ಲಿ ಗ್ರಾಮ, ಬ್ಲಾಕ್ ಮತ್ತು ಜಿಲ್ಲಾ ಪಂಚಾಯತಿಗೆ ಒಂದೇ ದಿನ ಯಂತ್ರದಲ್ಲಿ ಮೂರು ಮತ. ಕಾಸರಗೋಡಿನ ಕನ್ನಡ ಪ್ರದೇಶಗಳ ಮತಪತ್ರದಲ್ಲಿ ಕನ್ನಡವೂ ಇರುತ್ತದೆ ಎಂಬುದು ನಮಗೆ ಸಣ್ಣ ಸಮಾಧಾನವಲ್ಲ.

ಇನ್ನು, ನಿಮ್ಮ ಮತ ಯಾವ ಸಂಸ್ಥೆಗೆ ಸಲ್ಲುತ್ತದೆ ಎಂಬುದು. ಅಂಚೆ ವಿಳಾಸದಲ್ಲಿ ಮಂಗಳೂರು ಎಂದಿದ್ದ ಮಾತ್ರಕ್ಕೆ ನೀವು ಮಂಗಳೂರು ಮಹಾನಗರ ಪಾಲಿಕೆಯ ಮತದಾರರಲ್ಲ. ಪಾಲಿಕೆಗೆ 60 ವಾರ್ಡುಗಳಿವೆ, ಉತ್ತರದಲ್ಲಿ ಸುರತ್ಕಲ್ ಅದರೊಳಗೇ ಬರುತ್ತದೆ, ಆದರೆ ದಕ್ಷಿಣದಲ್ಲಿ ನೇತ್ರಾವತಿ ಸೇತುವೆ ದಾಟಿದರೆ ಅದರ ಎಲ್ಲೆ ಮುಗಿಯಿತು. ಅಲ್ಲಿಂದ ಮುಂದೆ ಉಳ್ಳಾಲ ನಗರಸಭೆ, ಸೋಮೇಶ್ವರ ಪುರಸಭೆ, ಕೋಟೆಕಾರು ಪಟ್ಟಣ ಪಂಚಾಯತ್, ನಡುನಡುವೆ ಗ್ರಾಮ ಪಂಚಾಯತಿಗಳು. ದೇರಳಕಟ್ಟೆಯಲ್ಲಿ ಅಂಗಡಿಸಾಲು ಮತ್ತು ಆಸ್ಪತ್ರೆಗಳನ್ನು ನೋಡಿದರೆ ಪೇಟೆಯೆಂದೇ ತೋರುತ್ತದೆ, ಆದರೆ ಒಂದು ಓಣಿಗೂ ಮತ್ತೊಂದಕ್ಕೂ ಸಂಸ್ಥೆ ಬದಲಾಗಬಹುದು. ಮನೆ ತೆರಿಗೆಯ ರಸೀದಿಯಲ್ಲಿ ಯಾರ ಮುದ್ರೆಯಿದೆ ಎಂದು ಮನೆಮಾಲೀಕರನ್ನು ಕೇಳಿ, ಅದೇ ಸುಲಭದ ದಾರಿ.

ಗ್ರಾಮ ಪಂಚಾಯತ್ ಎಂದಾದರೆ ಮೊದಲ ಸಲ ಮತ ಹಾಕುವವರು ಅಲ್ಲಿಯೇ ಎಡವುತ್ತಾರೆ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಚುನಾವಣೆಯಲ್ಲಿ ನಮ್ಮಲ್ಲಿ ಯಂತ್ರವಿರಲಿಲ್ಲ, ಕಾಗದದ ಮತಪತ್ರವಿತ್ತು. ಪಕ್ಷದ ಚಿಹ್ನೆಗಳೂ ಇರುವುದಿಲ್ಲ. ಆಯೋಗವೇ ಹಂಚಿದ ಮನೆಬಳಕೆಯ ವಸ್ತುಗಳ ಚಿಹ್ನೆಗಳಿರುತ್ತವೆ, ಯಾರು ಯಾವ ಪಕ್ಷದ ಬೆಂಬಲಿಗರು ಎಂಬುದು ಊರಿಗೆಲ್ಲ ಗೊತ್ತಿದ್ದರೂ ಕಾಗದದ ಮೇಲೆ ಕಾಣುವುದಿಲ್ಲ. ಒಂದು ವಾರ್ಡಿಗೆ ಎರಡು, ಮೂರು ಅಥವಾ ಇನ್ನೂ ಹೆಚ್ಚು ಸದಸ್ಯರು ಇರಬಹುದು, ಎಷ್ಟು ಸ್ಥಾನವೋ ನಿಮಗೆ ಅಷ್ಟು ಮತ, ಆದರೆ ಒಬ್ಬ ಅಭ್ಯರ್ಥಿಗೆ ಒಂದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ ಮೀಸಲಾದ ಸ್ಥಾನಗಳಿಗೂ ವಾರ್ಡಿನ ಎಲ್ಲ ಮತದಾರರು ಮತ ಹಾಕುತ್ತಾರೆ. ಮೀಸಲಾತಿ ನಿಲ್ಲುವವರಿಗೆ, ಹಾಕುವವರಿಗಲ್ಲ. ಒಳಗೆ ಹೋಗುವ ಮೊದಲೇ ನಿಮ್ಮ ವಾರ್ಡಿನ ಸ್ಥಾನಗಳೆಷ್ಟು ಎಂದು ತಿಳಿದುಕೊಂಡಿರಿ.

ಒಳಗೆ ಮೊದಲ ಮೇಜಿನಲ್ಲಿ ಪಟ್ಟಿಯ ಕ್ರಮಸಂಖ್ಯೆ ಹೇಳಿ ಗುರುತಿನ ಚೀಟಿ ತೋರಿಸಬೇಕು. ನಂತರ ಎಡಗೈ ಬೆರಳಿಗೆ ಶಾಯಿ, ಅದು ಮೈಸೂರಿನ ಕಾರ್ಖಾನೆಯದ್ದು. ಸಹಿ ಹಾಕಿದ ಮೇಲೆ ಮತಪತ್ರದ ಜೊತೆ ಬಾಣದ ಗುರುತಿನ ರಬ್ಬರ್ ಮೊಹರು ಕೊಡುತ್ತಾರೆ. ಮೊಹರನ್ನು ಅಭ್ಯರ್ಥಿಯ ಚಿಹ್ನೆಯ ಮೇಲೆಯೇ ಒತ್ತಿ, ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಎಣಿಕೆಯವರಿಗೆ ತಲೆನೋವು, ನಿಮಗೆ ನಷ್ಟ. ಪೆನ್ನಿನಿಂದ ಹೆಸರು, ಸಹಿ ಏನನ್ನೂ ಬರೆಯಬೇಡಿ. ಮಡಚುವಾಗ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅವಸರದಲ್ಲಿ ಮೊದಲೇ ಅಡ್ಡ ಮಡಚಿದರೆ ಹಸಿ ಶಾಯಿ ಇನ್ನೊಬ್ಬರ ಚಿಹ್ನೆಗೆ ಅಂಟುತ್ತದೆ. ಮುಂಗೈಯಲ್ಲಿ ಬೆವರು ಹರಿಯುವ ನಮ್ಮ ಸೆಕೆಯಲ್ಲಿ ಕಾಗದ ಒದ್ದೆಯಾಗದಂತೆ ಒಂದು ಕರವಸ್ತ್ರವೂ ಜೊತೆಗಿರಲಿ.