ಅಜ್ಜಿಯ ಬಗ್ಗೆ 3 ನಿಮಿಷ ಮಾತಾಡೋಕೆ

ತೀರಿಕೊಂಡ ಅಜ್ಜಿಯ ನೆನಪಿನ ಸಭೆಯಲ್ಲಿ ಮಾತಾಡೋಕೆ ನೀವು ಬರೆದದ್ದು ಯಾರ ಅಜ್ಜಿಗಾದರೂ ಹೊಂದುತ್ತೆ ಅಂದಿರಲ್ಲ, ಕಾರಣ ಬಹುಶಃ ಅದರಲ್ಲಿರುವ ಗುಣಗಳ ಪಟ್ಟಿ. ‘ಮಕ್ಕಳೆಂದರೆ ಪ್ರಾಣ, ದೊಡ್ಡ ದೈವಭಕ್ತೆ’ ಥರದ ಸಾಲುಗಳನ್ನು ಮೊದಲು ಹೊಡೆದುಹಾಕಿ. ಆಮೇಲೆ ಅಜ್ಜಿಯ ಕೈ ಏನು ಮಾಡುತ್ತಿತ್ತು ಅಂತ ನೆನಪಿಸಿಕೊಳ್ಳಿ. ನಮ್ಮಜ್ಜಿಯ ಪ್ರಾರ್ಥನೆ ಪುಸ್ತಕದಲ್ಲಿ ಒಂದೇ ಒಂದು ಪುಟದ ಮೂಲೆ ಹೆಬ್ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಮೊಮ್ಮಕ್ಕಳಿಗೆ ಜ್ವರ ಬಂದಾಗ ಓದುತ್ತಿದ್ದ ಪುಟ ಅದು. ನಾನು ಅಷ್ಟನ್ನೇ ಹೇಳಿದೆ. ಭಕ್ತಿ, ಮಮತೆ ಎರಡೂ ಅದರಲ್ಲೇ ಬಂತು. ಅಂಥದ್ದು ಎರಡು ಸಾಕು. ನಿಮ್ಮಜ್ಜಿಯ ಸಿಟ್ಟಿನದೂ ಒಂದಿರಲಿ. ಜನ ನಕ್ಕರೆ ನಗಲಿ ಬಿಡಿ.

ಗಡಿಯಾರ ಇಟ್ಟುಕೊಂಡು ಎರಡು ಸಲ ಜೋರಾಗಿ ಓದಿ. ಗಂಟಲು ಕಟ್ಟುವ ಕಡೆ ಗೆರೆ ಎಳೆಯಿರಿ, ಅಲ್ಲಿ ನಿಂತು ಉಸಿರು ತಗೊಳ್ಳಿ. ಪಕ್ಕದಲ್ಲಿ ಕೂರುವವರಿಗೆ ಇನ್ನೊಂದು ಪ್ರತಿ ಕೊಟ್ಟಿರಿ, ಆಗದಿದ್ದರೆ ಅವರು ಓದಿ ಮುಗಿಸುತ್ತಾರೆ.