ಅಮ್ಮ ಬೈದರೆ ಯಾರಿಗೆ ಹೇಳಲಿ?

(ಕುಟುಂಬದ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ.)

ವೀಣಾ ಮೈಸೂರಿನವರು. ಬ್ಯಾಂಕ್ ಕೆಲಸ ಬಿಟ್ಟು ಎರಡು ವರ್ಷದಿಂದ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಿದ್ದಾರೆ. ಮಗಳಿಗೆ 11, ಮಗನಿಗೆ 7. ನನ್ನ ಹತ್ತಿರ ಬಂದಿದ್ದು ತಮ್ಮ ಸಿಟ್ಟಿನ ಬಗ್ಗೆ ಮಾತಾಡಲು. "ಭಿನ್ನರಾಶಿ ಪಾಠ ತೆಗೆದ್ರೆ ಇಬ್ಬರೂ ಅಳ್ತೀವಿ ಮೇಡಂ. ಮೊನ್ನೆ ಪುಸ್ತಕ ಎಸೆದೇಬಿಟ್ಟೆ" ಎಂದರು. ಹೌದು, ಎಸೆದವರು ತಾಯಿ.

ಶಾಲೆ ಬಿಡಿಸಲು ಕಾರಣವಿತ್ತು. ಮಗಳಿಗೆ ಬೆಳಗಾದರೆ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. ಭಾನುವಾರ ಮಾತ್ರ ನೋವು ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಹೊಟ್ಟೆನೋವು ಹೋಯಿತು. ಆದರೆ ಶಾಲೆಯೂ ಅವಳ ಹಿಂದೆಯೇ ಮನೆಗೆ ಬಂದಿತ್ತು. ಗೋಡೆಯ ಮೇಲೆ ವೇಳಾಪಟ್ಟಿ. ಎಂಟೂವರೆಗೆ ಪ್ರಾರ್ಥನೆ, ಆಮೇಲೆ ನಲವತ್ತು ನಿಮಿಷದ ಪೀರಿಯಡ್‌ಗಳು. ರಾತ್ರಿ ಗಂಡ ಕಂಪನಿಯಿಂದ ಬಂದು "ಇವತ್ತು ಪಾಠ ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ಅವರಿಗದು ಸುಮ್ನೆ ಕುಶಲ ವಿಚಾರಿಸಿದಂತೆ, ವೀಣಾಗೆ ಇನ್‌ಸ್ಪೆಕ್ಷನ್. ಅತ್ತೆಯಂತೂ "ಓದಿದೋಳು ಮಕ್ಕಳನ್ನ ಮನೇಲಿ ಕೂರಿಸ್ಕೊಂಡಿದಾಳೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು.

ಮಗಳ ಜೊತೆ ಬೇರೆಯಾಗಿ ಕೂತು ಮಾತಾಡಿದೆ. ಮಾತಿನ ಹುಡುಗಿ, ಆದರೆ ಅಮ್ಮನ ವಿಷಯ ಬಂದಾಗ ತಡೆದಳು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: "ಸ್ಕೂಲಲ್ಲಿ ಮಿಸ್ ಬೈದ್ರೆ ಮನೆಗೆ ಬಂದು ಅಮ್ಮನ ಹತ್ರ ಹೇಳ್ತಿದ್ದೆ ಆಂಟಿ. ಈಗ ಅಮ್ಮ ಬೈದ್ರೆ ಯಾರಿಗೆ ಹೇಳಲಿ?"

ನನಗೆ ಇಡೀ ಪ್ರಕರಣ ಅಷ್ಟರಲ್ಲೇ ಇದೆ ಅನ್ನಿಸಿತು. ವೀಣಾ ಕೆಟ್ಟ ಟೀಚರ್ ಅಲ್ಲ. ಆದರೆ ಶಾಲೆಯ ಟೀಚರಿಗೆ ಸಂಜೆ ನಾಲ್ಕಕ್ಕೆ ಬೆಲ್ ಹೊಡೆಯುತ್ತದೆ, ಅವರಿಗೆ ಹೊಡೆಯುತ್ತಿರಲಿಲ್ಲ. ಊಟ ಬಡಿಸುತ್ತಾ ಮಗ್ಗಿ ಕೇಳುತ್ತಿದ್ದರು. ಚಂದ್ರ ಕಂಡರೂ ಒಂದು ಪ್ರಶ್ನೆ.

ಮೊದಲ ಸಲಹೆ ಒಂದು ನೋಟ್‌ಬುಕ್. ಒಂದು ವಾರ ವೇಳಾಪಟ್ಟಿ ಇಳಿಸಿಡಿ, ನೀವು ಏನು ಕಲಿಸಿದಿರಿ ಅಂತ ಬರೆಯಬೇಡಿ, ಮನೆಯಲ್ಲಿ ಏನೇನು ನಡೀತು ಅಂತ ಮಾತ್ರ ಬರೆಯಿರಿ ಎಂದೆ. ಪಕ್ಕದಲ್ಲಿ 'ನನ್ನ ಹೊತ್ತು' ಅಂತ ಇನ್ನೊಂದು ಸಾಲು.

ನೋಟ್‌ಬುಕ್ ತಂದರು. ಸೋಮವಾರ ಕುಕ್ಕರಹಳ್ಳಿ ಕೆರೆ. ಮಗ ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ ಚೀಲ ನೋಡಿ, ಅದರಲ್ಲಿ ಎಷ್ಟು ಮೀನು ಹಿಡಿಸುತ್ತೆ ಅಂತ ದಿನವಿಡೀ ಕೇಳಿದ. ಬುಧವಾರ ಸೈಕಲ್ ಚೈನ್ ಕಳಚಿತು, ಅಂಗಡಿಯವನು ತೋರಿಸಿಕೊಟ್ಟ, ಮಗಳೇ ಹಾಕಿದಳು. ಗುರುವಾರ ಚಿಕ್ಕವನಿಗೆ ಜ್ವರ, ದೊಡ್ಡವಳು ಹಾಸಿಗೆಯ ಪಕ್ಕ ಕೂತು ಕಥೆಪುಸ್ತಕ ಮುಗಿಸಿದಳು. ಅದಕ್ಕೆ ವೀಣಾ ಬರೆದಿದ್ದು: "ಏನೂ ಆಗಲಿಲ್ಲ."

ಮಂಗಳವಾರದ ಎದುರು 'ಅಡುಗೆ ಕೆಲಸ' ಎಂದಷ್ಟೇ ಇತ್ತು. ಏನು ಅಡುಗೆ ಎಂದೆ. ಅವರೆಕಾಯಿ ಕಾಲ. ಅತ್ತೆ ಮೊಮ್ಮಗಳನ್ನು ಕೂರಿಸಿಕೊಂಡು ಕಾಯಿ ಬಿಡಿಸಿ, ಕಾಳನ್ನು ಹಳೇ ಪಾವಿನಲ್ಲಿ ಅಳೆದರಂತೆ. ಮೂರು ಪಾವು ಆಯಿತು. ನಾಲ್ಕು ಪಾವಿಗೆ ಒಂದು ಸೇರು, ಹಾಗಾದರೆ ಇದು ಮುಕ್ಕಾಲು ಸೇರು. ಅರ್ಧ ಹಿತಕಿದ ಬೇಳೆಗೆ, ಅರ್ಧ ಉಪ್ಪಿಟ್ಟಿಗೆ. "ಒಂದೂವರೆ ಪಾವು ಅಜ್ಜಿ. ಅಂದ್ರೆ ಸೇರನ್ನ ಎಂಟು ಮಾಡಿದ್ರೆ ಅದ್ರಲ್ಲಿ ಮೂರು ಭಾಗ" ಎಂದಳಂತೆ ಹುಡುಗಿ. ಮುಕ್ಕಾಲರ ಅರ್ಧ ಎಷ್ಟು? ಪುಸ್ತಕ ಹಾರಿದ್ದು ಇದೇ ಲೆಕ್ಕಕ್ಕೆ! ಹೇಳುತ್ತಾ ಹೇಳುತ್ತಾ ವೀಣಾಗೇ ನಗು ಬಂತು.

'ನನ್ನ ಹೊತ್ತು' ಸಾಲು ಮಾತ್ರ ಹೆಚ್ಚುಕಡಿಮೆ ಖಾಲಿ. ಶನಿವಾರ 'ತಲೆಗೆ ಎಣ್ಣೆ' ಎಂದಿತ್ತು, ಅಷ್ಟೇ.

ಆಮೇಲೆ ಹೇಳಿದ್ದು ಇಷ್ಟು. ಕೂತು ಓದುವ ಹೊತ್ತು ಬೆಳಿಗ್ಗೆ ಎರಡು ಗಂಟೆ ಸಾಕು. ನಲವತ್ತು ಮಕ್ಕಳ ತರಗತಿಯಲ್ಲಿ ಹಾಜರಿ, ಬೋರ್ಡ್ ನೋಡಿ ಬರೆಯುವುದು, ಗಲಾಟೆ ಅಡಗಿಸುವುದು ಅಂತ ಜಾಸ್ತಿ ಹೊತ್ತು ಹೋಗುತ್ತದೆ, ಮನೆಯಲ್ಲಿ ಅದಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಲೇಬೇಡಿ. ಇದೇ ಅವರಿಗೆ ಅತಿ ಕಷ್ಟವಾಗಿದ್ದು. ಗಣಿತ ನಿಮ್ಮ ಕೈಯಿಂದ ಬಿಡಿ. ಗಂಡ ಆಫೀಸಿಗೆ ಹೊರಡುವ ಮೊದಲು ಅರ್ಧ ಗಂಟೆ ಹೇಳಿಕೊಡಲಿ. ಆಗ ಮಗಳಿಗೆ ಅಪ್ಪನ ಮೇಲೆ ದೂರು ಹೇಳಲು ಅಮ್ಮ ಸಿಗುತ್ತಾರೆ! ರಾತ್ರಿಯ ಪ್ರಶ್ನೆಯೂ ತಾನಾಗಿ ನಿಲ್ಲುತ್ತದೆ. ಸಂಜೆ ಮಕ್ಕಳು ಬೀದಿಯಲ್ಲಿ ಬೇರೆ ಮಕ್ಕಳ ಜೊತೆ ಆಡಲಿ. ನೀವು ಗೇಟಿನ ಹತ್ತಿರ ನಿಲ್ಲಬೇಡಿ, ಆ ಹೊತ್ತು ನಿಮ್ಮದು.

ಇನ್ನೊಂದು ಭಯ ಒಳಗೇ ಕೊರೆಯುತ್ತಿತ್ತು. ಪಕ್ಕದ ಮನೆಯವರು "ಇದೆಲ್ಲ ಕಾನೂನಿಗೆ ವಿರುದ್ಧ" ಎಂದಿದ್ದರು. ನಾನು ವಕೀಲೆ ಅಲ್ಲ, ಆದರೂ ತಿಳಿದಷ್ಟು ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸೇರಿದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಮನೆಪಾಠದ ಹೆಸರನ್ನೇ ಎತ್ತುವುದಿಲ್ಲ. ಹಾಗಾಗಿ ವಿಷಯ ಪೂರ್ತಿ ಸ್ಪಷ್ಟವಿಲ್ಲ, ಒಬ್ಬ ವಕೀಲರನ್ನು ಕೇಳಿಬಿಡಿ ಎಂದೆ. ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಓಎಸ್ ಇದೆ. 14 ತುಂಬಿದವರು ಸೇರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಐದು ವರ್ಷದೊಳಗೆ ಮುಗಿಸಿದರಾಯಿತು. ದೊಡ್ಡವಳಿಗೆ ಇನ್ನೂ ಮೂರು ವರ್ಷ ಇದೆ, ಈಗಲೇ ಯಾಕೆ ನಿದ್ದೆ ಕೆಡಿಸಿಕೊಳ್ಳಬೇಕು, ಅಲ್ವಾ?

ಎಲ್ಲವೂ ಸರಿಹೋಯಿತು ಅಂತೇನಿಲ್ಲ. ಗಂಡ ವಾರದಲ್ಲಿ ಎರಡು ದಿನ ಗಣಿತ ತಪ್ಪಿಸುತ್ತಾರೆ. ಅತ್ತೆ ಬಂದವರ ಹತ್ತಿರ ಈಗಲೂ ಗೊಣಗುತ್ತಾರೆ, ಆದರೆ ಅಳತೆ-ತೂಕದ ಪಾಠ ಮಾತ್ರ ಬಿಟ್ಟುಕೊಡುವುದಿಲ್ಲ. ಪುಸ್ತಕ ಮತ್ತೆ ಹಾರಿಲ್ಲ. ಈಗ ಮಗಳು, ಗೆಳತಿಯರು ಬೇಕು, ಮುಂದಿನ ಜೂನ್‌ಗೆ ಶಾಲೆಗೆ ಹೋಗಿ ನೋಡ್ತೀನಿ ಎನ್ನುತ್ತಿದ್ದಾಳೆ. "ನಾನು ಸೋತೆ ಅಂತಾನಾ ಮೇಡಂ?" ಎಂದು ವೀಣಾ ಕೇಳಿದರು. ಗೆಳತಿಯರು ಬೇಕು ಅನ್ನುವ ಮಗುವಿಗೆ ಶಾಲೆಯ ಭಯ ಹೋಗಿದೆ ಅಂತಲೇ ಅರ್ಥ ಎಂದೆ. ಸೇರಿಸುವುದಾದರೆ ಕಾಯ್ದೆಯ 4ನೇ ಸೆಕ್ಷನ್ ನೋಡಿಕೊಳ್ಳಿ, ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದು ಅದರಲ್ಲಿದೆ ಎಂದು ಹೇಳಿ ಕಳಿಸಿದೆ.